ಹದಿನೈದು ಪೈಸೆಯ ಕಾರ್ಡು, ಮೆಚ್ಚಿನ ಹಾಡು

ಚಿತ್ರದುರ್ಗವೆಂದೊಡನೆ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ನೆನಪಾಗುವುದು ಸಹಜ. ಹಿರಿಯೂರೆಂದರೆ ವಾಣಿವಿಲಾಸ ಸಾಗರ, ಹೊಳಲ್ಕೆರೆಯೆಂದರೆ ಅಡಿಕೆ, ಹೊಸದುರ್ಗವೆಂದರೆ ತೆಂಗು. ಆದರೆ ಈ ನಾಲ್ಕು ಊರುಗಳಿಗೆ ಇನ್ನೊಂದು ಚರಿತ್ರೆಯೂ ಉಂಟು. ಅದನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ, ಗ್ಯಾಸೆಟಿಯರಿನಲ್ಲೂ ಬರೆಯಲಿಲ್ಲ. ಅದು ಜನರ ಮೆಚ್ಚಿನ ಹಾಡುಗಳ ಚರಿತ್ರೆ.

ರೇಡಿಯೋದಲ್ಲಿ ಶ್ರೋತೃಗಳ ಕೋರಿಕೆಯ ಚಿತ್ರಗೀತೆಗಳು ಬರುತ್ತಿದ್ದ ಕಾಲವನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಕಾರ್ಯಕ್ರಮ ಆರಂಭವಾಗುತ್ತಲೇ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರು. ಮಕ್ಕಳು ಗಲಾಟೆ ಮಾಡಿದರೆ ಗದರಿಕೆ ಬೀಳುತ್ತಿತ್ತು. ಆ ಮೌನ ಹಾಡಿಗಾಗಿ ಅಲ್ಲ, ಹಾಡಿಗೆ ಮುಂಚೆ ಓದುವ ಹೆಸರುಗಳಿಗಾಗಿ. ಹೆಸರುಗಳು ಮುಗಿದು ಹಾಡು ಶುರುವಾದರೆ ಮಾತುಕತೆಯೂ ಮತ್ತೆ ಶುರುವಾಗುತ್ತಿತ್ತು. ಹಾಡನ್ನು ಎಲ್ಲರೂ ಬಲ್ಲರು. ಅದನ್ನು ಕೇಳಿ ಬರೆದವರು ಯಾರು ಎಂಬುದೇ ಸುದ್ದಿ.

ನನಗೆ ಇಂಥ ಹಾಡು ಇಷ್ಟ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಈಗ ತೀರ ಸಾಮಾನ್ಯ. ಆದರೆ ಸಾಮಾನ್ಯ ಮನುಷ್ಯನ ರುಚಿಗೆ ಇಷ್ಟು ಬೆಲೆ ಬಂದದ್ದು ಬಹಳ ಹಿಂದೇನಲ್ಲ. ಒಕ್ಕಲಿನ ಮನೆಯ ಹೆಣ್ಣುಮಗಳು, ಹೋಟೆಲಿನ ಮಾಣಿ, ಲಾರಿಯ ಕ್ಲೀನರ್ ಇವರ ಇಷ್ಟಾನಿಷ್ಟಗಳನ್ನು ಯಾರಾದರೂ ಕೇಳಿದ್ದುಂಟೇ? ಕೇಳಿದ್ದು ಮೊಟ್ಟಮೊದಲಿಗೆ ರೇಡಿಯೋ. ಉತ್ತರ ಹೋದದ್ದು ಅಂಚೆ ಕಾರ್ಡಿನಲ್ಲಿ.

ಸಮಯಕ್ಕೊಂದು ಪದ

ಅದಕ್ಕೂ ಹಿಂದೆ ಹಾಡುಗಳಿಗೇನೂ ಕೊರತೆ ಇರಲಿಲ್ಲ. ರಾಗಿ ಬೀಸುವಾಗ ಬೀಸುವ ಪದ, ಭತ್ತ ಕುಟ್ಟುವಾಗ ಕುಟ್ಟುವ ಪದ, ಮದುವೆಗೆ ಸೋಬಾನೆ, ಸಾವಿನ ಮನೆಯಲ್ಲಿ ಭಜನೆ, ತತ್ವಪದ. ಈ ಸೀಮೆಯ ಹಳ್ಳಿಗಳಲ್ಲಿ ‘ಪದ ಹಾಡು’ ಎನ್ನುವುದಕ್ಕಿಂತ ‘ಪದ ಹೇಳು’ ಎನ್ನುವುದೇ ರೂಢಿ. ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಉದ್ದನೆಯ ಬಿದಿರು ಕೊಳಲನ್ನು ಊದುತ್ತ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹೇಳುವವರಿದ್ದರು.

ಆದರೆ ಇಲ್ಲಿ ಹಾಡನ್ನು ಆರಿಸುತ್ತಿದ್ದುದು ಒಬ್ಬರ ಇಷ್ಟವಲ್ಲ, ಸಂದರ್ಭ. ಹಸೆಗೆ ಕರೆಯುವಾಗ ಹಸೆಯ ಪದವೇ ಬೇಕು. ಹೆಣ್ಣು ಒಪ್ಪಿಸುವ ಪದವನ್ನು ಅಲ್ಲಿ ಹೇಳುವಂತಿಲ್ಲ. ಒಬ್ಬಾಕೆ ಎತ್ತಿ ಹೇಳಿದರೆ ಉಳಿದವರು ಹಿಂದೆ ದನಿಗೂಡಿಸುತ್ತಿದ್ದರು. ಹಾಡು ಎಲ್ಲರದೂ ಆದ್ದರಿಂದ ಯಾರೊಬ್ಬರದೂ ಅಲ್ಲ.

ಹಾಗೆಂದು ವೈಯಕ್ತಿಕ ಮೆಚ್ಚುಗೆಯೇ ಇರಲಿಲ್ಲ ಎನ್ನಲಾಗದು. ‘ಆ ಪದ ಹೇಳವ್ವ’ ಎಂದು ಹಿರಿಯಳೊಬ್ಬಳ ಮುಂದೆ ಕೂತು ಬೇಡುವುದೂ ಒಂದು ಕೋರಿಕೆಯೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಇಂಥ ಹಿರಿಯಳು. ಶಾಲೆಯ ಮೆಟ್ಟಿಲು ಹತ್ತದ ಈ ಅಜ್ಜಿಯ ನೆನಪಿನಲ್ಲಿ ಪದಗಳ ದೊಡ್ಡ ಕಣಜವೇ ಇತ್ತು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಆಕೆಯ ಬಳಿ ಕೂತು ಅವನ್ನು ಬರೆದುಕೊಂಡು ಪುಸ್ತಕವಾಗಿ ತಂದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಕೇಳುವ ಕಿವಿ ಬರದೆ ಹೋಗಿದ್ದರೆ ಆ ಪದಗಳು ಅಜ್ಜಿಯ ಜತೆಯಲ್ಲೇ ಮುಗಿಯುತ್ತಿದ್ದವು.

ಒನ್ಸ್ ಮೋರ್!

ಜನಸಮೂಹದ ಮೆಚ್ಚುಗೆ ಗಟ್ಟಿ ದನಿಯಲ್ಲಿ ಕೇಳಿಬಂದದ್ದು ಕಂಪನಿ ನಾಟಕಗಳ ತಂಬುವಿನಲ್ಲಿ. 1884ರಲ್ಲಿ ಆರಂಭವಾಗಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಮನೆಮಾತಾದ ಗುಬ್ಬಿ ಕಂಪನಿಯೂ, ಅದರಂಥ ಇತರ ಮಂಡಳಿಗಳೂ ಊರೂರು ತಿರುಗಿ ಕ್ಯಾಂಪ್ ಹಾಕುತ್ತಿದ್ದ ಕಾಲವದು. ನಾಟಕವೆಂದರೆ ಅರ್ಧ ಮಾತು, ಅರ್ಧ ಹಾಡು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಹಾಡು ಹಿಡಿಸಿದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುವುದು, ನಟ ಅದನ್ನು ಮತ್ತೊಮ್ಮೆ ಹಾಡುವುದು ಪದ್ಧತಿಯಾಗಿತ್ತು. ರಂಗದ ಮೇಲೆ ಸತ್ತು ಬಿದ್ದ ಪಾತ್ರ ‘ಒನ್ಸ್ ಮೋರ್’ ಕೇಳಿ ಎದ್ದು ಕೂತು ಹಾಡಿ, ಮತ್ತೆ ಸತ್ತ ಕಥೆಗಳನ್ನು ಹಳಬರು ಇಂದಿಗೂ ಹೇಳಿ ನಗುತ್ತಾರೆ.

ನಗುವಿನ ಸಂಗತಿಯಾದರೂ ಇದರಲ್ಲೊಂದು ಹೊಸತನವಿತ್ತು. ಸೋಬಾನೆಯಲ್ಲಿ ಹಾಡು ಶಾಸ್ತ್ರಕ್ಕಾಗಿ ಬರುತ್ತಿತ್ತು. ಇಲ್ಲಿ ಕಥೆಯ ಓಟವನ್ನೇ ತಡೆದು, ಹಾಡು ಬೇಕೆಂದು ಕೇಳುವ ಹಕ್ಕು ನಾಲ್ಕಾಣೆ ಟಿಕೇಟಿನವನಿಗೂ ದಕ್ಕಿತು. ಆದರೆ ಅದು ಗುಂಪಿನ ಕೂಗು. ಕೂಗಿದವನ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಗಸರು ಕೂಗುವುದಂತೂ ದೂರದ ಮಾತು.

ಸರ್ಕಾರದ ರುಚಿ, ಜನರ ರುಚಿ

ಮುಂದೆ ರೇಡಿಯೋ ಬಂತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರೂ ಅಲ್ಲಿಂದಲೇ ದೇಶಕ್ಕೆಲ್ಲ ಹರಡಿತು. ಧಾರವಾಡ ಕೇಂದ್ರ 1950ರಲ್ಲಿಯೂ ಬೆಂಗಳೂರು ಕೇಂದ್ರ 1955ರಲ್ಲಿಯೂ ಕೆಲಸ ಆರಂಭಿಸಿದವು.

ಆದರೆ ಜನ ಏನು ಕೇಳಬೇಕು ಎಂಬುದನ್ನು ಆಗ ನಿರ್ಧರಿಸುತ್ತಿದ್ದವರು ಮೇಲಿನವರು. ನಾಟಕದ ತಂಬುವಿನಲ್ಲೂ ಭಜನೆ ಮನೆಯಲ್ಲೂ ಮೆರೆದ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಒಗ್ಗದ ವಾದ್ಯವೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. ಈ ನಿರ್ಬಂಧ ಸಡಿಲಗೊಳ್ಳಲು ಸುಮಾರು ಮೂರು ದಶಕ ಹಿಡಿಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಚಿತ್ರಗೀತೆಗಳಿಗೂ ಅದೇ ಗತಿ ಬಂತು. ಜನರ ಅಭಿರುಚಿಯನ್ನು ಶಾಸ್ತ್ರೀಯ ಸಂಗೀತದಿಂದ ತಿದ್ದಬೇಕೆಂಬುದು ಸಚಿವರ ಆಶಯ. ಆ ಆಶಯದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದರಿಂದ ಎಷ್ಟೋ ಶಾಸ್ತ್ರೀಯ ಕಲಾವಿದರಿಗೆ ಅನ್ನವೂ ಮನ್ನಣೆಯೂ ದೊರೆತವು. ಆದರೆ ಜನರನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಜನ ವಾದಕ್ಕಿಳಿಯಲಿಲ್ಲ, ರೇಡಿಯೋದ ತಿರುಪು ತಿರುಗಿಸಿದರು. ಸಮುದ್ರದಾಚೆಯ ರೇಡಿಯೋ ಸಿಲೋನ್ 1952ರ ಡಿಸೆಂಬರಿನಲ್ಲಿ ‘ಬಿನಾಕಾ ಗೀತಮಾಲಾ’ ಆರಂಭಿಸಿತ್ತು. ಅದನ್ನು ನಡೆಸಿಕೊಡುತ್ತಿದ್ದವರು ಆಗಿನ್ನೂ ಇಪ್ಪತ್ತರ ತರುಣ ಅಮೀನ್ ಸಯಾನಿ. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರಗಳು ಬಂದಿದ್ದವೆಂದು 2024ರಲ್ಲಿ ತೀರಿಕೊಂಡ ಸಯಾನಿ ಹೇಳುತ್ತಿದ್ದರು. ಇಂದಿನ ಜಾರ್ಖಂಡಿನಲ್ಲಿರುವ, ಅಭ್ರಕದ ಗಣಿಗಳಿಂದ ಬದುಕುತ್ತಿದ್ದ ಝುಮ್ರಿ ತಲೈಯಾ ಎಂಬ ಪುಟ್ಟ ಊರು ಹಾಡು ಕೋರಿ ಬರೆಯುವ ಕಾಗದಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಕೊನೆಗೆ ಆಕಾಶವಾಣಿಯೇ ಮಣಿದು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಸೈನಿಕರಿಗೆಂದೇ ಅದರಲ್ಲಿ ‘ಜಯಮಾಲಾ’ ಎಂಬ ಕಾರ್ಯಕ್ರಮವಿತ್ತು.

ಇಲ್ಲಿ ಚಿತ್ರದುರ್ಗ ಸೀಮೆಯವರೇ ಆದ ತ.ರಾ.ಸು. ನೆನಪಾಗುತ್ತಾರೆ. ಇದೇ 1952ರಲ್ಲಿ ಪ್ರಕಟವಾದ ಅವರ ‘ಹಂಸಗೀತೆ’ ಕಾದಂಬರಿ ದುರ್ಗದ ಸಂಗೀತಗಾರನೊಬ್ಬನ ಕಥೆ. ಅಧಿಕಾರದ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಭೈರವಿ ವೆಂಕಟಸುಬ್ಬಯ್ಯನ ಕಥೆ. ಇದು 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಚಿತ್ರಿಸಿದರು. ಅದರ ಹಾಡುಗಾರಿಕೆಗೆ ಎಂ. ಬಾಲಮುರಳಿಕೃಷ್ಣ ರಾಷ್ಟ್ರಪ್ರಶಸ್ತಿ ಪಡೆದರು. ಹಾಡುವವನು ಅಪ್ಪಣೆಗೆ ಮಣಿಯದಿರಲು ಅಷ್ಟು ದೊಡ್ಡ ಬೆಲೆ ತೆರಬೇಕಾಯಿತು. ಕೇಳುವವನಿಗೆ ತಿರುಪು ತಿರುಗಿಸುವಷ್ಟೇ ಕೆಲಸ. ಆದರೂ ಇಬ್ಬರದೂ ಒಂದೇ ಹಟ: ರುಚಿಯನ್ನು ಹುಕುಂ ಮಾಡಿ ಹೇರಲಾಗದು.

ಭದ್ರಾವತಿಯ ದಾರಿ ಹಿಡಿದ ಕಾರ್ಡು

ಚಿತ್ರದುರ್ಗದ ಮಂದಿಗೆ ರೇಡಿಯೋ ನಿಜವಾಗಿ ಹತ್ತಿರವಾದದ್ದು 1965ರಲ್ಲಿ ಭದ್ರಾವತಿ ಕೇಂದ್ರ ಆರಂಭವಾದಾಗ. ಉಕ್ಕಿನ ಕಾರ್ಖಾನೆಯ ಈ ಊರಿನಿಂದ ಹೊರಟ ದನಿ ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳನ್ನು ಮುಟ್ಟಿತು. ಆಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರಲ್ಲಿ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ಕೂಡ ಬಂದಿತ್ತು. ಕರೆಂಟು ಕಾಣದ ಹಟ್ಟಿಗೂ, ಕುರಿ ಮೇಯುವ ಕಾವಲಿಗೂ ಹಾಡು ಹೋಗುವಂತಾಯಿತು. ರೇಡಿಯೋ ಇಟ್ಟುಕೊಳ್ಳಲು ಆಗ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. 1980ರ ದಶಕದ ನಡುವಿನಲ್ಲಿ ಈ ಪದ್ಧತಿ ರದ್ದಾಯಿತು. ರೇಡಿಯೋ ಇಲ್ಲದವರಿಗೆ ಹೋಟೆಲು, ಕ್ಷೌರದಂಗಡಿ, ಪಂಚಾಯಿತಿ ಕಟ್ಟೆಗಳೇ ಗತಿ.

ಕೋರಿಕೆ ಕಳುಹಿಸುವ ಕ್ರಮ ಸರಳ. 1980ರ ದಶಕದಲ್ಲಿ ಅಂಚೆ ಕಾರ್ಡಿಗೆ ಹದಿನೈದು ಪೈಸೆ. ಅದರ ಮೇಲೆ ಚಿತ್ರದ ಹೆಸರು, ಹಾಡಿನ ಮೊದಲ ಮಾತು, ಕೆಳಗೆ ಹೆಸರುಗಳು. ಕಾರ್ಡು ಒಂದೇ ಆದರೂ ಹೆಸರು ಹತ್ತು ಇರಬಹುದು: ಮನೆಮಂದಿ, ನೆಂಟರು, ತೊಟ್ಟಿಲ ಕೂಸು, ಜತೆಗೆ ‘ಮತ್ತು ಗೆಳೆಯರು’. ಕೇಂದ್ರದಲ್ಲಿ ಒಂದೇ ಹಾಡು ಕೇಳಿದ ಕಾರ್ಡುಗಳನ್ನು ಒಟ್ಟಿಗೆ ಜೋಡಿಸಿ, ಆ ಹಾಡಿನ ರೆಕಾರ್ಡು ಇದ್ದರೆ ಹೆಸರುಗಳನ್ನು ಓದಿ ಹಾಕುತ್ತಿದ್ದರು. ಹಾಡು ಮೂರ್ನಾಲ್ಕು ನಿಮಿಷದ್ದಾದರೆ ಹೆಸರಿನ ಪಟ್ಟಿಯೇ ಕೆಲವೊಮ್ಮೆ ಅದರ ಅರ್ಧದಷ್ಟು ಹೊತ್ತು ಹಿಡಿಯುತ್ತಿತ್ತು.

ಹೊರಗಿನವರಿಗೆ ಇದು ಬೇಸರದ ಪಟ್ಟಿ. ಊರವರಿಗೆ ಹಾಗಲ್ಲ. ಹೊಳಲ್ಕೆರೆಯ ಹೆಸರೊಂದು ಹಿರಿಯೂರಿನ ಹೆಸರಿನ ಪಕ್ಕದಲ್ಲಿ ಬರುತ್ತಿತ್ತು. ಹೊಸದುರ್ಗದ ಹಳ್ಳಿಯ ಹುಡುಗನೂ ದುರ್ಗದ ವಕೀಲರ ಮಗನೂ ಒಂದೇ ಹಾಡು ಮೆಚ್ಚಿದವರೆಂದು ಒಂದೇ ಉಸಿರಿನಲ್ಲಿ ಓದಿಸಿಕೊಳ್ಳುತ್ತಿದ್ದರು. ಜಾತಿ, ಜಮೀನು, ಕೇರಿಗಳ ಲೆಕ್ಕದಲ್ಲಿ ಎಂದೂ ಒಂದು ಸಾಲಿನಲ್ಲಿ ಕೂರದ ಹೆಸರುಗಳು ಹಾಡಿನ ಲೆಕ್ಕದಲ್ಲಿ ಕೂರುತ್ತಿದ್ದವು. ಇದರಿಂದ ಕೇರಿಗಳೇನೂ ಒಂದಾಗಲಿಲ್ಲ, ನಿಜ. ಆದರೂ ಅಂಥದೊಂದು ಸಾಲು ಸಾಧ್ಯ ಎಂಬುದನ್ನು ಊರು ಕಿವಿಯಾರೆ ಕೇಳಿತು.

ಹೆಂಗಸರ ಹೆಸರಿನ ಸಂಗತಿ ಇನ್ನೂ ದೊಡ್ಡದು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು, ಹೇಳಬೇಕಾದರೆ ಒಡಪು ಕಟ್ಟಿಯೇ ಹೇಳಬೇಕು ಎಂಬ ಪದ್ಧತಿಯಿದ್ದ ನಾಡಿದು. ಹೆಂಡತಿಯ ಹೆಸರನ್ನೂ ಗಂಡ ಹತ್ತು ಜನರ ಮುಂದೆ ಕರೆಯುತ್ತಿರಲಿಲ್ಲ. ‘ಇವಳೇ’, ‘ನಮ್ಮನೆಯವಳು’ ಎಂದರೆ ಮುಗಿಯಿತು. ಅಂಥ ಮನೆಗಳಲ್ಲಿ ಶಾಲೆಗೆ ಹೋಗುವ ಮಗನೋ ಮಗಳೋ ಕಾರ್ಡು ಬರೆಯುವಾಗ ಅಮ್ಮನ ಹೆಸರನ್ನೂ ಸೇರಿಸುತ್ತಿದ್ದರು. ಹದಿನೈದು ದಿನ ಕಳೆದು ಆ ಹೆಸರು, ಅಪ್ಪನ ಹೆಸರಿನ ಪಕ್ಕದಲ್ಲೇ, ಮೂರು ಜಿಲ್ಲೆಗಳಿಗೆ ಕೇಳುವಂತೆ ಬರುತ್ತಿತ್ತು. ಒಲೆಯ ಮುಂದೆ ಕೂತ ತಾಯಿ ಸೆರಗು ಬಾಯಿಗೊತ್ತಿ ನಕ್ಕರೂ ಮರುದಿನ ನೀರಿನ ಕಟ್ಟೆಯಲ್ಲಿ ಅದೇ ಮಾತು. ಮತದಾರರ ಪಟ್ಟಿ, ರೇಷನ್ ಕಾರ್ಡುಗಳನ್ನು ಬಿಟ್ಟರೆ ಬೇರೆಲ್ಲೂ ದಾಖಲಾಗದ ಎಷ್ಟೋ ಹೆಸರುಗಳು ಹೀಗೆ ಗಾಳಿಯಲ್ಲಿ ದಾಖಲಾದವು.

ಇಂಗ್ಲೆಂಡಿನ ಬಿ.ಬಿ.ಸಿ. 1942ರಿಂದ ನಡೆಸಿಕೊಂಡು ಬಂದಿರುವ ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’ ಎಂಬ ಕಾರ್ಯಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ನಿರ್ಜನ ದ್ವೀಪಕ್ಕೆ ಹೋಗುವುದಾದರೆ ಯಾವ ಎಂಟು ರೆಕಾರ್ಡುಗಳನ್ನು ಒಯ್ಯುತ್ತೀರಿ ಎಂದು ಅಲ್ಲಿ ಹೆಸರಾಂತ ಅತಿಥಿಗಳನ್ನು ಕೇಳುತ್ತಾರೆ. ಉತ್ತರದಲ್ಲಿ ಅವರ ಜೀವನವೇ ತೆರೆದುಕೊಳ್ಳುತ್ತದೆ. ಅಲ್ಲಿ ಹೆಸರು ಮಾಡಿದವರ ಮೆಚ್ಚುಗೆಗೆ ಬೆಲೆ. ಅಂಚೆ ಕಾರ್ಡಿನಲ್ಲಿ ಮೆಚ್ಚುಗೆಯ ಬಲದಿಂದಲೇ ಹೆಸರು.

ಊರೇ ಹಾಡಿನಲ್ಲಿ ಬಂದಾಗ

1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಚಿತ್ರ ತೆರೆಗೆ ತಂದರು. ಕಥೆ ತ.ರಾ.ಸು. ಅವರದು, ಸಂಗೀತ ವಿಜಯಭಾಸ್ಕರ್ ಅವರದು, ಹಿನ್ನೆಲೆ ಚಿತ್ರದುರ್ಗದ ಕೋಟೆಯದು. ಅದರಲ್ಲಿನ ಓಬವ್ವನ ಹಾಡನ್ನು ಪಿ.ಬಿ. ಶ್ರೀನಿವಾಸ್ ಹಾಡಿದರು, ಓಬವ್ವನಾಗಿ ಜಯಂತಿ ಕಾಣಿಸಿಕೊಂಡರು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದಾಗ ಒನಕೆ ಹಿಡಿದು ನಿಂತ ಕಾವಲುಗಾರನ ಹೆಂಡತಿಯ ಕಥೆ ದುರ್ಗದವರಿಗೆ ಹೊಸದಲ್ಲ. ಆದರೆ ಅದೇ ಕಥೆ ಹಾಡಾಗಿ ಕನ್ನಡ ನಾಡಿನ ತುಂಬ ಕೇಳತೊಡಗಿತು. ತಾವು ದಿನಾ ನೋಡುವ ಬಂಡೆಯನ್ನು ಕುರಿತ ಹಾಡನ್ನು ಯಾರೋ ದೂರದೂರಿನವರು ಕೋರಿ ಕೇಳುತ್ತಾರೆ ಎಂಬ ಹೆಮ್ಮೆ ಇಲ್ಲಿಯವರಿಗೆ ಸಣ್ಣದಾಗಿರಲಿಲ್ಲ.

ಇದರಲ್ಲೊಂದು ವಿಪರ್ಯಾಸವೂ ಇದೆ. ಓಬವ್ವನ ಹಾಡು ಮನೆಮನೆಗೆ ಬಂದ ಕಾಲದಲ್ಲೇ ಒನಕೆ ಮನೆಯಿಂದ ಹೊರಟಿತು. ರೈಸ್‌ಮಿಲ್ಲು, ಹಿಟ್ಟಿನ ಗಿರಣಿಗಳು ಬಂದಂತೆ ಕುಟ್ಟುವ, ಬೀಸುವ ಕೆಲಸ ಹೋಯಿತು. ಅದರೊಡನೆ ಪದಗಳೂ ಹೋದವು. ಹೆಂಗಸರ ಬೆನ್ನು ಸವೆಸುತ್ತಿದ್ದ ಕೆಲಸ ಹೋದದ್ದು ಒಳ್ಳೆಯದೇ. ಆದರೆ ಬೀಸುವ ಪದವನ್ನು ಕೋರಿ ಕಾರ್ಡು ಬರೆಯಬೇಕೆಂದು ಎಷ್ಟು ಮಂದಿಗೆ ತೋಚೀತು? ‘ಮೆಚ್ಚಿನ ಹಾಡು’ ಎಂದರೆ ಚಿತ್ರಗೀತೆ ಎಂಬುದೇ ನಿಂತುಹೋಯಿತು. ತಾನು ಹೇಳುವ ಪದ ರೇಡಿಯೋಕ್ಕೆ ತಕ್ಕುದಲ್ಲ ಎಂದು ಹಳ್ಳಿಯ ಹೆಣ್ಣುಮಗಳು ತಾನಾಗಿಯೇ ತೀರ್ಮಾನಿಸಿಕೊಂಡಳು. ರೇಡಿಯೋ ಆಕೆಯ ಹೆಸರನ್ನು ಓದಿತು. ಆಕೆಯ ದನಿ ಮಾತ್ರ ಅದಕ್ಕೆ ಅಪರೂಪಕ್ಕೊಮ್ಮೆ ಬೇಕಾಯಿತು.

ಕ್ಯಾಸೆಟ್ಟಿನ ಪಟ್ಟಿ

1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. ಅದರ ಹಿಂದೆಯೇ ಸಿ. ಅಶ್ವಥ್ ಮೊದಲಾದವರ ಕ್ಯಾಸೆಟ್ಟುಗಳು ಬಂದು, ಶಿಶುನಾಳ ಶರೀಫರ ಪದಗಳೂ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳೂ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಇಳಿದವು.

ಕ್ಯಾಸೆಟ್ಟು ತಂದ ದೊಡ್ಡ ಬದಲಾವಣೆ ಬೇರೆಯೇ. ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಅಂಗಡಿಯವನಿಗೆ ಕೊಟ್ಟರೆ ಆತ ಅವನ್ನು ತುಂಬಿಸಿ ಕೊಡುತ್ತಿದ್ದ. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಲಿಲ್ಲ. ಆದರೂ ಊರೂರಲ್ಲಿ ನಡೆಯಿತು. ಅರವತ್ತು ನಿಮಿಷದ ಸುರುಳಿಗೆ ಹಾಡು ಹದಿನಾಲ್ಕೋ ಹದಿನೈದೋ ಹಿಡಿಯುತ್ತಿದ್ದವು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ದಿನಗಟ್ಟಲೆ ತಲೆಕೆಡಿಸಿಕೊಂಡವರುಂಟು. ಅಂಥ ಕ್ಯಾಸೆಟ್ಟನ್ನು ಸ್ನೇಹಿತನಿಗೆ ಕೊಡುವುದೆಂದರೆ ಮನಸ್ಸನ್ನೇ ತೆಗೆದುಕೊಟ್ಟಂತೆ. ಆಂಧ್ರದ ಗಡಿಗೆ ಅಂಟಿದ ಜಿಲ್ಲೆಯಾದ್ದರಿಂದ ಆ ಪಟ್ಟಿಯಲ್ಲಿ ಕನ್ನಡದ ಜತೆಗೆ ತೆಲುಗು ಹಾಡುಗಳೂ ಹಿಂದಿಯವೂ ಸಲೀಸಾಗಿ ಸೇರುತ್ತಿದ್ದವು. ಆಯ್ಕೆ ಹೆಚ್ಚಿತು, ಕಾಯುವುದು ತಪ್ಪಿತು. ಆದರೆ ಊರಿಗೆಲ್ಲ ಒಟ್ಟಿಗೆ ಕೇಳುವ ಹೆಸರಿನ ಪಟ್ಟಿ ಅಲ್ಲಿರಲಿಲ್ಲ.

1990ರ ದಶಕದ ಆರಂಭದಲ್ಲಿ ಚಿತ್ರದುರ್ಗಕ್ಕೇ ಆಕಾಶವಾಣಿಯ ಎಫ್.ಎಂ. ಕೇಂದ್ರ ಬಂತು. ನಾಗರಕೋಯಿಲಿನಲ್ಲಿ 1984ರಲ್ಲಿ ಶುರುವಾದ ಸ್ಥಳೀಯ ರೇಡಿಯೋ ಯೋಜನೆಯ ಮುಂದುವರಿಕೆ ಇದು. ಜಿಲ್ಲೆಯ ರೈತ, ಜಿಲ್ಲೆಯ ಕಲಾವಿದ, ಜಿಲ್ಲೆಯ ಭಾಷೆಯ ಸೊಗಡು ಇವಕ್ಕೆ ಮೈಕು ಹತ್ತಿರವಾಯಿತು. ಭಜನೆಯವರೂ ಸೋಬಾನೆಯವರೂ ಬಸ್ಸು ಹತ್ತಿ ಹೋಗಿ ಹಾಡಿಬರುವಷ್ಟು ಸಮೀಪ. ಟೆಲಿಫೋನ್ ಹರಡಿದಂತೆ ಕೋರಿಕೆಯ ಕ್ರಮವೂ ಬದಲಾಗಿ, ಶ್ರೋತೃವಿನ ಹೆಸರಿನ ಬದಲು ಅವರ ದನಿಯೇ ರೇಡಿಯೋದಲ್ಲಿ ಬರತೊಡಗಿತು. ‘ಊಟ ಆಯ್ತಾ ಅಕ್ಕಾ? ಮಳೆ ಬಂತಾ ನಿಮ್ಮ ಕಡೆ?’ ಎಂಬ ವಿಚಾರಣೆ ಮುಗಿದ ಮೇಲೆಯೇ ಹಾಡಿನ ಮಾತು.

ಈಗ

ಮುಂದಿನದು ಎಲ್ಲರೂ ಕಂಡದ್ದೇ. ಮೊಬೈಲು ಬಂತು; ಅಂಗಡಿಯವನು ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿದ; ಆಮೇಲೆ ಅಂಗಡಿಯವನೂ ಬೇಡವಾದ. ಆದರೂ ತನ್ನ ರುಚಿಯನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಆಸೆ ಹೋಗಿಲ್ಲ. ಕರೆ ಮಾಡಿದವರಿಗೆ ಕೇಳಿಸುವ ಕಾಲರ್ ಟ್ಯೂನು, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಹಾಕುವ ಹಾಡಿನ ತುಣುಕು, ಹೆದ್ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನ ಸ್ಪೀಕರು ಇವೆಲ್ಲ ಆ ಕಾರ್ಡಿನ ಮೊಮ್ಮಕ್ಕಳು. ವ್ಯತ್ಯಾಸವೆಂದರೆ, ಮುಂದಿನ ಹಾಡು ಯಾವುದೆಂದು ಈಗ ಎಷ್ಟೋ ಸಲ ಯಂತ್ರವೇ ಸೂಚಿಸುತ್ತದೆ. ನಿನ್ನೆ ಕೇಳಿದ್ದನ್ನು ಲೆಕ್ಕ ಹಾಕಿ ಅಂಥದ್ದನ್ನೇ ಇಂದು ಮುಂದಿಡುತ್ತದೆ. ತಾನು ಬಯಸಿದ್ದೋ ತನಗೆ ಬಡಿಸಿದ್ದೋ ಎಂಬುದು ಕೇಳುವವನಿಗೇ ಗೊತ್ತಾಗದಷ್ಟು ನಯವಾಗಿ ಆ ಕೆಲಸ ನಡೆಯುತ್ತದೆ. ಕೇಸ್ಕರ್ ಅವರ ಕಾಲದಲ್ಲಾದರೆ ಇದು ಹೇರಿಕೆ ಎಂದು ತಿಳಿಯುತ್ತಿತ್ತು, ತಿರುಪು ತಿರುಗಿಸಬಹುದಿತ್ತು.

ಅಂಚೆ ಕಾರ್ಡಿನ ಕಾಲ ಮತ್ತೆ ಬರಲಿ ಎಂದು ಹಾರೈಸುವುದು ವ್ಯರ್ಥ. ಆ ಕಾಲಕ್ಕೂ ಅದರದೇ ಕೊರತೆಗಳಿದ್ದವು: ರೆಕಾರ್ಡು ಇಲ್ಲದ ಹಾಡು ಬರುತ್ತಿರಲಿಲ್ಲ, ಅಕ್ಷರ ಬಾರದವರು ಬರೆಯುವಂತಿರಲಿಲ್ಲ. ಆದರೆ ಅದನ್ನು ಬಲ್ಲವರು ಇನ್ನೂ ಮನೆಮನೆಗಳಲ್ಲಿದ್ದಾರೆ. ಸಿರಿಯಜ್ಜಿಯ ಮುಂದೆ ವಿದ್ವಾಂಸರು ಕೂತು ಕೇಳಿದಂತೆ, ಮನೆಯ ಹಿರಿಯರ ಮುಂದೆ ಕೂತು ಎರಡು ಪ್ರಶ್ನೆ ಕೇಳಲು ಯಾವ ವಿದ್ವತ್ತೂ ಬೇಕಿಲ್ಲ. ಕಾರ್ಡಿನಲ್ಲಿ ಯಾವ ಹಾಡು ಕೇಳಿ ಬರೆದಿದ್ದಿರಿ? ಅದಕ್ಕೂ ಮುಂಚೆ, ನಿಮ್ಮವ್ವ ಬೀಸುವಾಗ ಯಾವ ಪದ ಹೇಳುತ್ತಿದ್ದರು? ಮೊದಲ ಪ್ರಶ್ನೆಗೆ ಉತ್ತರ ತಟ್ಟನೆ ಬರಬಹುದು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಕಾಯಬೇಕಾದೀತು. ಹೇಳಿದರೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.